ಇರುಳೂರಿನಿಂದ ಹೊರಟವರು

ಗಡಿಯಾರದಂಗಡಿಯವರ ಅಂತ್ಯಕ್ರಿಯೆ ಮುಗಿದ ಮಾರನೆಯ ಸಂಜೆ ಅವರು ಮಾತಾಡಿದರು ಎಂದು ಮೇಲ್ಮನೆಯ ಹುಡುಗಿ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು. ನಾನು ಕೈಯಲ್ಲಿದ್ದ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟೆ. ಅತ್ತಿಗೆ ಕಣ್ಣು ಮುಚ್ಚಿಕೊಂಡರು. ಯಾರ ಮಾತನ್ನಾದರೂ ಸರಿಯಾಗಿ ಕೇಳಬೇಕೆನಿಸಿದಾಗ ಅವರು ಹಾಗೆ ಮಾಡುತ್ತಿದ್ದರು.

ನನ್ನ ತೀರಿಹೋದ ಅಣ್ಣನ ಹೆಂಡತಿ ಅವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಮುಖ ಕಾಣದ ಜನರ ಮಾತುಗಳನ್ನು ವರ್ಷಗಟ್ಟಲೆ ಒಂದಕ್ಕೊಂದು ಜೋಡಿಸಿದ್ದರಿಂದ ದನಿಯಲ್ಲಿ ಏನು ಇದೆ, ಏನು ಇಲ್ಲ ಎಂಬುದು ಅವರಿಗೆ ಥಟ್ಟನೆ ತಿಳಿಯುತ್ತಿತ್ತು. ನಿವೃತ್ತಿಯ ಮೇಲೆ ಬೀದಿಯವರ ಕಗ್ಗಂಟುಗಳೆಲ್ಲ ಬಿಡಿಸಿಕೊಳ್ಳಲು ನಮ್ಮ ಮನೆಗೆ ಬರತೊಡಗಿದವು. ಕಾಣೆಯಾದ ಉಯಿಲು, ಬದಲಾಗಿ ಬಂದ ಬೆಕ್ಕು, ಗೋಡೆಯೊಳಗಿಂದ ಕೇಳುತ್ತಿದ್ದ ಕೆಮ್ಮು, ಎಲ್ಲದಕ್ಕೂ ನಾನು ಅವರ ಕೈಚೀಲ ಹಿಡಿದುಕೊಂಡು ಜೊತೆಗೆ ಹೋಗಿದ್ದೇನೆ. ಆದರೆ ಈ ಪ್ರಕರಣದಷ್ಟು ನನ್ನ ಮೈ ತಣ್ಣಗಾಗಿಸಿದ್ದು ಇನ್ನೊಂದಿಲ್ಲ.

"ಮೊದಲು ಕೂತುಕೋ," ಎಂದರು ಅತ್ತಿಗೆ. "ಆಮೇಲೆ ಮೊದಲಿಂದ ಹೇಳು. ಸತ್ತವರು ಎಲ್ಲಿಗೂ ಓಡಿಹೋಗಲ್ಲ."

ಹುಡುಗಿ ತನ್ನ ತಂದೆಯೊಂದಿಗೆ ನಮ್ಮ ಮೇಲಿನ ಮನೆಯಲ್ಲಿದ್ದಳು. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಆ ತಂದೆ ದನಿಯನ್ನು ಪೂರ್ತಿ ಕಳೆದುಕೊಂಡಿದ್ದರು. ಆಸ್ಪತ್ರೆಗೆ ಬಿಟ್ಟರೆ ಎಲ್ಲಿಗೂ ಹೋಗುತ್ತಿರಲಿಲ್ಲ. ಹುಡುಗಿ ಕೆಲಸ ಮಾಡುತ್ತಿದ್ದುದು 'ಇರುಳೂರು' ಎಂಬ ಆನ್‌ಲೈನ್ ಆಟ ನಡೆಸುವ ಸಣ್ಣ ಕಂಪನಿಯಲ್ಲಿ. ಆ ಆಟ ಅವಳು ಹೇಳಿದ ಹಾಗೆ ಹೀಗಿತ್ತು: ನದಿಯ ದಂಡೆಯ ಮೇಲೊಂದು ಊರು. ಅಲ್ಲಿ ಯಾವಾಗಲೂ ಸೂರ್ಯ ಆಗಷ್ಟೇ ಮುಳುಗಿರುತ್ತಾನೆ. ಪ್ರತಿಯೊಬ್ಬ ಚಂದಾದಾರನಿಗೂ ಒಂದು ಮನೆ, ಬಾಗಿಲಲ್ಲೊಂದು ದೀಪ. ದೋಣಿ ಕಟ್ಟಬಹುದು, ಕಾಡಿನ ಪ್ರಾಣಿಗಳೊಂದಿಗೆ ಸೆಣಸಬಹುದು, ಇಲ್ಲವೇ ಮೆಟ್ಟಿಲ ಮೇಲೆ ಕೂತು ಟೈಪು ಮಾಡುತ್ತ ಹರಟಬಹುದು. ಒಂದು ಕಾಲದಲ್ಲಿ ದೀಪಗಳ ಬೆಳಕಿಗೆ ನದಿಯೇ ಹೊಳೆಯುತ್ತಿತ್ತಂತೆ. ಈಗ ಆಟ ಹಳತಾಗಿತ್ತು. ಹರೆಯದವರು ಹೊಸ ಆಟಗಳಿಗೆ ಹೋಗಿದ್ದರು. ಉಳಿದವರಲ್ಲಿ ಹೆಚ್ಚಿನವರು ಹರಟಲು ಬರುವವರು.

ಚಂದಾದಾರರಲ್ಲಿ ಮುಂದೆ ಯಾರು ಬಿಟ್ಟುಹೋಗುತ್ತಾರೆ ಎಂಬುದನ್ನು ಮುಂಚೆಯೇ ಹೇಳುವುದು ಹುಡುಗಿಯ ಕೆಲಸ. ಅದಕ್ಕಾಗಿ ಅವಳು ಕಂಪ್ಯೂಟರಿನಲ್ಲಿ ಒಂದು ಲೆಕ್ಕಾಚಾರ ಕಟ್ಟಿದ್ದಳು. ಆಫೀಸಿನಲ್ಲಿ ಎಲ್ಲರೂ ಅದನ್ನು 'ಅವಳ ಯಂತ್ರ' ಎನ್ನುತ್ತಿದ್ದರು. ಯಂತ್ರ ವಾರಕ್ಕೊಮ್ಮೆ ಹೆಸರುಗಳನ್ನು ಕೊಡುತ್ತಿತ್ತು. ಅವಳು ಅದನ್ನು ಮೂವರಿಗೆ ಕಳಿಸುತ್ತಿದ್ದಳು: ಯಜಮಾನರಿಗೆ, ಸರ್ವರುಗಳನ್ನು ನೋಡಿಕೊಳ್ಳುವ ಮಾಮನಿಗೆ, ಚಂದಾದಾರರ ದೂರುಗಳನ್ನು ನೋಡಿಕೊಳ್ಳುವ ಅಕ್ಕನಿಗೆ.

ಮೊದಮೊದಲು ಯಂತ್ರ ಅರ್ಧಕ್ಕರ್ಧ ತಪ್ಪುತ್ತಿತ್ತು. ಎರಡು ತಿಂಗಳಿಂದ ಮಾತ್ರ ಒಂದೇ ಒಂದು ಹೆಸರೂ ತಪ್ಪಿರಲಿಲ್ಲ.

"ಯಂತ್ರ ಹೆಸರು ಹೇಳಿದವರು ವಾರದೊಳಗೆ ಹೋಗ್ತಾರೆ," ಎಂದಳು. "ಎಲ್ಲರೂ ಒಂದೇ ಥರ. ಬಾಗಿಲು ತೆಗೆದು ಹೊರಗೆ ಬರ್ತಾರೆ. 'ಹೋಗ್ತೀನಿ' ಅಂತಾರೆ. ದೀಪ ಆರುತ್ತೆ. ಆಮೇಲೆ ಆ ಮನೇಲಿ ಯಾರೂ ಇರಲ್ಲ. ಊರಲ್ಲಿ ಜನ ಹೆದರಿಕೊಂಡಿದಾರೆ. ಆ ಮಾತನ್ನ ಈಗ ಯಾರೂ ಬಾಯಲ್ಲಿ ಆಡಲ್ಲ."

ಗಡಿಯಾರದವರು ಅಲ್ಲಿ ನಿಧಾನಯ್ಯ ಎಂಬ ಹೆಸರಲ್ಲಿದ್ದರು. ಹಿಂದಿನ ವಾರ ಯಂತ್ರ ಕೊಟ್ಟ ಹೆಸರುಗಳಲ್ಲಿ ಅದೂ ಇತ್ತು. ಅವಳ ಆಫೀಸಿನ ಹತ್ತಿರವೇ ಅವರ ಅಂಗಡಿ. ಒಮ್ಮೆ ಕೈಗಡಿಯಾರ ರಿಪೇರಿಗೆ ಹೋದಾಗ ಅವರ ಕಂಪ್ಯೂಟರಿನಲ್ಲಿ ಇರುಳೂರನ್ನು ಕಂಡು ಅವಳಿಗೆ ಗೊತ್ತಾಗಿತ್ತು. ನಮ್ಮ ಗೋಡೆಗಡಿಯಾರವೂ ಅವರ ಕೈಯಲ್ಲೇ ಬದುಕಿದ್ದು. ಅಂತ್ಯಕ್ರಿಯೆಗೆ ನಾವೂ ಹೋಗಿದ್ದೆವು. ಅವರ ಕಣ್ಣು ಮುಚ್ಚಿದ್ದನ್ನು ನಾನೇ ನೋಡಿದ್ದೆ.

"ನಿನ್ನೆ ಸಂಜೆ ಅಪ್ಪ ಅವರ ಮೆಟ್ಟಿಲ ಮೇಲೆ ಕಾಯ್ತಾ ಕೂತಿದ್ರು. ಅವರಿಬ್ಬರೂ ಅಲ್ಲಿ ಗೆಳೆಯರು. ಹೊರಗೆ ಯಾರು ಏನು ಅಂತ ಒಬ್ಬರಿಗೊಬ್ಬರು ಗೊತ್ತಿಲ್ಲ. ತೀರಿಹೋದರು ಅಂತ ಹೇಳೋಕೆ ನನಗೆ ಬಾಯಿ ಬಂದಿರಲಿಲ್ಲ. ಅಪ್ಪನ ಕಣ್ಣೆದುರೇ ನಿಧಾನಯ್ಯ ಬಾಗಿಲು ತೆಗೆದು ಬಂದರಂತೆ. ಹೋಗ್ತೀನಿ ಅಂದರಂತೆ."

ಒಲೆಯ ಮೇಲಿನ ನೀರು ಕುದಿಯುತ್ತಿದ್ದ ಸದ್ದು ಇದ್ದಕ್ಕಿದ್ದಂತೆ ದೊಡ್ಡದಾಗಿ ಕೇಳಿಸಿತು.

"ಈ ವಾರದ್ದು ಇವತ್ತು ಬಂತು. ಇನ್ನೂ ಯಾರಿಗೂ ಕಳಿಸಿಲ್ಲ," ಎಂದಳು ಹುಡುಗಿ. "ಮೊದಲನೇ ಹೆಸರು ಅಪ್ಪಂದು. ಅವರು ನಾಲ್ಕು ಮಾತಾಡೋ ಜಾಗ ಅಂತ ಇರೋದು ಅದೊಂದೇ, ಅಮ್ಮ. ಅದೂ ಹೋದರೆ ಅಪ್ಪ ಉಳಿಯಲ್ಲ."

ಅವರ ಹೆಸರು ಅಲ್ಲಿ 'ದೊಡ್ಡಗಂಟಲು'. ಶಸ್ತ್ರಚಿಕಿತ್ಸೆಯ ಮೇಲೆ ಅವರೇ ಇಟ್ಟುಕೊಂಡದ್ದು. ಅದು ಅವಳ ತಂದೆ ಎಂದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅತ್ತಿಗೆ ಕಣ್ಣು ತೆರೆದರು. ಯಾರು ಹೋಗುತ್ತಾರೆಂದು ಯಂತ್ರಕ್ಕೆ ಹೇಗೆ ತಿಳಿಯುತ್ತದೆ ಎಂದು ಕೇಳಿದರು. ಎಷ್ಟು ಹೊತ್ತು ಆಡುತ್ತಾರೆ, ಅವರ ಗೆಳೆಯರು ಉಳಿದಿದ್ದಾರೆಯೇ, ದೀಪ ಎಷ್ಟು ದಿನಕ್ಕೊಮ್ಮೆ ಉರಿಯುತ್ತದೆ ಎಂಬುದನ್ನೆಲ್ಲ ನೋಡುತ್ತದೆ ಎಂದಳು. ಆಮೇಲೆ ಸ್ವಲ್ಪ ನಾಚಿ, ತಾನು ಎರಡು ತಿಂಗಳ ಹಿಂದೆ ಇನ್ನೊಂದನ್ನು ಸೇರಿಸಿದ್ದಾಗಿ ಹೇಳಿದಳು. ಹೊರಡುವಾಗ ಆಡುವ ಮಾತನ್ನೂ ಯಂತ್ರ ಗಮನಿಸುವಂತೆ ಮಾಡಿದ್ದಳು: 'ಬರ್ತೀನಿ' ಎಂದವರು ಉಳಿಯುವವರು, 'ಹೋಗ್ತೀನಿ' ಎಂದವರು ಹೋಗುವವರು.

"ಯಜಮಾನರಿಗೆ ಹೇಳಿದರೆ ನಗ್ತಾರೆ ಅಂತ ಹೇಳಲಿಲ್ಲ."

"ಬೇರೆ ಯಾರಿಗಾದರೂ?"

"ಬರೆದು ಯಾರಿಗೂ ಕೊಟ್ಟಿಲ್ಲ. ಊಟದ ಹೊತ್ತಲ್ಲಿ ಮಾತಿಗೆ ಮಾತು ಬಂದು ಅಂದಿದ್ದರೆ ನೆನಪಿಲ್ಲ."

ಹೀಗೆ ಹೋದವರಲ್ಲಿ ಯಾರಾದರೂ ದೂರು ಕೊಟ್ಟಿದ್ದಾರೆಯೇ ಎಂದು ಅತ್ತಿಗೆ ಕೇಳಿದರು. ಒಬ್ಬರೂ ಇಲ್ಲ, ಹೋಗುವವರು ತೃಪ್ತಿಯಿಂದಲೇ ಹೋಗುತ್ತಿದ್ದಾರೆಂದು ಯಜಮಾನರಿಗೆ ಅದೇ ಖುಷಿ ಎಂದಳು ಹುಡುಗಿ. ಅತ್ತಿಗೆ ಬರೀ ಹೂಂಗುಟ್ಟಿದರು. ನನ್ನ ಕಡೆ ತಿರುಗಿ, "ನಿನ್ನ ಮಂಡಿ ಎರಡು ಮಹಡಿ ಹತ್ತುತ್ತೆ ತಾನೆ?" ಎಂದರು.

ಆ ಆಫೀಸು ಕನ್ನಡಕದ ಅಂಗಡಿಯೊಂದರ ಮೇಲಿತ್ತು. ಹೊಸದಾಗಿ ಚಂದಾದಾರರಾಗುವ ಇಬ್ಬರು ಮುದುಕಿಯರಿಗೆ ಜಾಗ ನೋಡುವ ಆಸೆ ಎಂದು ಹುಡುಗಿ ಹೇಳಿಟ್ಟಿದ್ದಳು. ಉದ್ದನೆಯ ಕೋಣೆ. ಖಾಲಿ ಮೇಜುಗಳ ಮೇಲೆ ಹೊದಿಕೆ ಹಾಕಿದ್ದರು. ಮೊದಲು ಎಷ್ಟು ಜನ ಇದ್ದರೆಂಬುದನ್ನು ಆ ಹೊದಿಕೆಗಳೇ ಹೇಳುತ್ತಿದ್ದವು.

ಯಜಮಾನರು ಫೋನನ್ನು ಕಿವಿಯಿಂದ ತೆಗೆಯದೆಯೇ ನಮಗೆ ಕುರ್ಚಿ ಎಳೆದುಕೊಟ್ಟರು. ದೊಡ್ಡ ಕಂಪನಿಯೊಂದು ಮಾತಿಗೆ ಬಂದಿದೆ ಎಂದು ಅವರೇ ಹೇಳಿದರು. ಆ ಕಂಪನಿಗೆ ಬೇಕಾದದ್ದು ಆಟವಲ್ಲ, ತಪ್ಪದ ಆ ಮುನ್ಸೂಚನೆ. ಆಟದ ಈ ಸೀಸನ್ ಮುಗಿಯುವವರೆಗೂ ಅದು ತಪ್ಪದಿದ್ದರೆ ಅದನ್ನು ಕೊಂಡು, ಜೊತೆಗೆ ಇರುಳೂರನ್ನೂ ತಮ್ಮ ಸರ್ವರುಗಳಲ್ಲಿ ಕೆಲವು ವರ್ಷ ಸಾಕುತ್ತಾರೆ. ತಪ್ಪಿದರೆ ಊರನ್ನು ಮುಚ್ಚುವುದೇ. ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಅತ್ತಿಗೆ ಬೆರಗಿನಿಂದ ಕೇಳಿದಾಗ, "ಎಷ್ಟು ಗಂಟೆ ಆಡ್ತಾರೆ ಅನ್ನೋದರಲ್ಲೇ ಎಲ್ಲ ಇದೆ," ಎಂದು ಮತ್ತೆ ಫೋನಿಗೆ ಮರಳಿದರು.

ಮಾಮ ನಮ್ಮನ್ನು ಸರ್ವರುಗಳ ಕೋಣೆಗೆ ಕರೆದೊಯ್ದರು. ಅಲ್ಲಿ ಮಂಜಿನಂಥ ಚಳಿ, ಕತ್ತಲೆಯಲ್ಲಿ ಸಣ್ಣ ಹಸಿರು ದೀಪಗಳು. ತಲೆಗೆ ಉಣ್ಣೆಟೋಪಿ ಹಾಕಿಕೊಂಡು ಅವರು ಊಟವನ್ನೂ ಅಲ್ಲೇ ಒಬ್ಬರೇ ಮಾಡುತ್ತಿದ್ದರು. ಊರು ತುಂಬಿದ್ದಾಗ ಇಲ್ಲಿನ ಫ್ಯಾನುಗಳ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ, ಈಗ ಪಿಸುಮಾತೂ ಕೇಳುತ್ತದೆ ಎಂದರು. "ಇವೂ ಹಳೇವು, ನಾನೂ ಹಳಬ. ಇಬ್ಬರಿಗೂ ನಿದ್ದೆ ಬೇಕು." ಮುನ್ಸೂಚನೆಯ ಬಗ್ಗೆ ಅವರ ಅಭಿಪ್ರಾಯ ಸರಳ: ಜೊತೆಗಾರ ಹೋದರೆ ಇವನೂ ಹೋಗುತ್ತಾನೆ, ಅದಕ್ಕೆ ಯಂತ್ರ ಯಾಕೆ. ಚಂದಾದಾರರ ಮನೆಯೊಳಗೆ ಏನಾದರೂ ಕೆಟ್ಟರೆ ಯಾರು ಸರಿಮಾಡುತ್ತಾರೆ ಎಂದು ಅತ್ತಿಗೆ ಕೇಳಿದರು. ಯಾವ ಮನೆಗಾದರೂ ಅವರ ಹೆಸರಲ್ಲೇ ಹೊಕ್ಕು ಸರಿಮಾಡುವ, ಬೇಕಾದರೆ ಆ ಮನೆಯನ್ನೇ ಮುಚ್ಚುವ ಕೀಲಿ ತನ್ನ ಹತ್ತಿರ, ಯಜಮಾನರ ಹತ್ತಿರ, ಅಕ್ಕನ ಹತ್ತಿರ ಇದೆ, ಹುಡುಗಿಯ ಹತ್ತಿರ ಇಲ್ಲ ಎಂದರು ಮಾಮ.

ಅಕ್ಕನನ್ನು ನೋಡಿದ ಕೂಡಲೇ ನನಗೆ ಇಷ್ಟವಾಯಿತು. ನಾನು ಕೂರುವ ಮುಂಚೆಯೇ ಕುರ್ಚಿಗೆ ದಿಂಬು ಇಟ್ಟರು. ನನ್ನ ಬೆನ್ನಿನ ಸಂಗತಿ ಯಾರೂ ಹೇಳಿರಲಿಲ್ಲ. ನಡೆಯುವ ರೀತಿಯಲ್ಲೇ ಕಂಡುಕೊಂಡಿರಬೇಕು. ಕಿಟಕಿಯ ಬಳಿ ಅವರ ಮೇಜು, ಪಕ್ಕದ ಗೋಡೆಗೆ ಚಂದಾದಾರರು ಹಿಂದೆಂದೋ ಕಳಿಸಿದ ಫೋಟೋಗಳು. ಯಾರದೋ ಮದುವೆ, ಯಾರದೋ ಮಗು. ಮಧ್ಯಾಹ್ನದ ಡಬ್ಬಿಯನ್ನು ಹುಡುಗಿಗಾಗಿ ಆಗಲೇ ಎರಡು ಪಾಲು ಮಾಡಿಟ್ಟಿದ್ದರು.

"ಇದನ್ನ ಮುಚ್ಚಿದರೆ ಇವರೆಲ್ಲ ಎಲ್ಲಿಗೆ ಹೋಗಬೇಕು ಹೇಳಿ," ಎಂದರು ಫೋಟೋಗಳನ್ನು ತೋರಿಸಿ. ಕಣ್ಣು ಒದ್ದೆಯಾಗಿತ್ತು.

ಹೊರಡುವಾಗ ಅತ್ತಿಗೆ ನನಗೆ ಮುಜುಗರವಾಗುವಂತೆ ನಡೆದುಕೊಂಡರು. ಒಬ್ಬೊಬ್ಬರ ಮುಂದೆಯೂ ನಿಂತು, ಮುಖ ಗಂಟಿಕ್ಕಿಕೊಂಡು "ಹೋಗ್ತೀವಿ" ಎಂದರು. ಯಜಮಾನರು ಫೋನಿನಲ್ಲಿ ಮಾತಾಡುತ್ತಲೇ ಕೈಬೀಸಿದರು. ಮಾಮ ಟೋಪಿ ಸರಿಮಾಡಿಕೊಂಡು, "ಅದೇನಮ್ಮ ಹಾಗಂತೀರಿ, ಬರ್ತೀವಿ ಅನ್ನಿ," ಎಂದು ಗದರಿದರು. ಅಕ್ಕ ನಕ್ಕು ಹುಡುಗಿಯ ಮೇಜಿನ ಕಡೆ ಕಣ್ಣು ಹಾಯಿಸಿದರು: "ಮೆಲ್ಲಗೆ ಹೇಳಿ ಅಮ್ಮ, ಅವಳ ಯಂತ್ರದ ಕಿವಿಗೆ ಬಿದ್ದರೆ ನಾಳೆ ನಿಮ್ಮ ಹೆಸರೂ ಬರುತ್ತೆ." ನಾವೂ ನಕ್ಕೆವು.

ಮೆಟ್ಟಿಲಿಳಿಯುವಾಗ, ಅಷ್ಟು ಒಳ್ಳೆಯ ಜನರ ಹತ್ತಿರ ಹಾಗೆ ಮಾತಾಡಬಾರದಿತ್ತು ಎಂದೆ. ಅತ್ತಿಗೆ ಕಂಬಿ ಹಿಡಿದು ನಿಂತರು. "ಒಳ್ಳೆಯವರೇ," ಎಂದರು. ಅವರ ದನಿಯಲ್ಲಿ ಖುಷಿಯಿರಲಿಲ್ಲ.

ಆ ಸಂಜೆ ನಾವಿಬ್ಬರೂ ಇರುಳೂರಿನ ನಿವಾಸಿಗಳಾದೆವು. ಅತ್ತಿಗೆ 'ಲೈನ್‌ಬ್ಯುಸಿ' ಎಂದು ಹೆಸರಿಟ್ಟುಕೊಂಡರು. ನನಗೆ ಕೇಳದೆಯೇ 'ಮಂಡಿನೋವು' ಎಂದು ಬರೆಸಿದರು. ಆಮೇಲೆ ಹುಡುಗಿಯನ್ನು ಮೂಲೆಗೆ ಕರೆದು ಏನೋ ಪಿಸುಗುಟ್ಟಿದರು. ಹುಡುಗಿ ಬಿಳಿಚಿಕೊಂಡು ತಲೆಯಾಡಿಸಿದಳು. ಅಪ್ಪನ ಹೆಸರು ತೆಗೆದುಬಿಡಲೇ ಎಂದು ಅವಳು ಕೇಳಿದ್ದೂ, ಈಗ ಬೇಡ, ಗೆಳೆಯ ಹೋದವರ ಹೆಸರು ಇಲ್ಲದಿದ್ದರೆ ಅನುಮಾನ ಬರುತ್ತದೆ ಎಂದು ಅತ್ತಿಗೆ ಅಂದದ್ದೂ ನನ್ನ ಕಿವಿಗೆ ಬಿತ್ತು.

ಆ ಊರನ್ನು ನಾನು ಮರೆಯಲಾರೆ. ಆಕಾಶ ಹಣ್ಣಾದ ಬಣ್ಣದಲ್ಲೇ ನಿಂತುಬಿಟ್ಟಿತ್ತು. ಬೀದಿಯ ಎರಡೂ ಬದಿಗೆ ಆರಿದ ದೀಪದ ಮನೆಗಳು, ನಡುನಡುವೆ ಎಲ್ಲೋ ಒಂದು ಉರಿಯುವ ಬಾಗಿಲು. ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎದುರಿಗೆ ಬಂದವರು ನಮಸ್ಕಾರ ಹೇಳಿ ಬೇಗ ಬೇಗ ದಾಟಿಹೋಗುತ್ತಿದ್ದರು. ಹೊರಡುವಾಗ ಎಲ್ಲರೂ ಎರಡೆರಡು ಸಲ, ತಾಯಿತ ಕಟ್ಟಿದ ಹಾಗೆ, ಬರ್ತೀನಿ ಬರ್ತೀನಿ ಎಂದು ಬರೆಯುತ್ತಿದ್ದರು. ನಿಧಾನಯ್ಯನ ಆರಿದ ದೀಪದ ಕೆಳಗೆ ಮೆಟ್ಟಿಲ ಮೇಲೆ ದೊಡ್ಡಗಂಟಲು ಒಬ್ಬರೇ ಕೂತಿದ್ದರು.

ಅತ್ತಿಗೆ ಅವರ ಪಕ್ಕ ಕೂತು ಬೇಕೆಂದೇ ವಟವಟ ಶುರುಮಾಡಿದರು. ಬಹಳ ಹೊತ್ತಿನ ಮೇಲೆ ಅವರೂ ಬರೆದರು: "ನನ್ನ ಮೇಲೆ ಕೋಪ ಮಾಡಿಕೊಂಡು ಹೋದ ಅನ್ನಿಸುತ್ತೆ. ಅವನ ದೋಣಿ ಕುಂಟುತ್ತೆ ಅಂತ ಹಿಂದಿನ ಸಲ ಕಾಲೆಳೆದಿದ್ದೆ. ಹಾಗನ್ನಬಾರದಿತ್ತು."

ಅವರು ನಮ್ಮ ತಲೆಯ ಮೇಲಿನ ಕೋಣೆಯಲ್ಲೇ ಕೂತು ಇದನ್ನು ಬರೆಯುತ್ತಿದ್ದರು. ಅವರ ಕುರ್ಚಿ ಕಿರುಗುಟ್ಟುವುದು ನಮಗೆ ಕೇಳಿಸುತ್ತಿತ್ತು.

ಹುಡುಗಿ ಹೆಸರುಗಳನ್ನು ಮೂವರಿಗೂ ಕಳಿಸಿದ ದಿನದಿಂದ ನಾನು ಮನೆಯಲ್ಲಿ ಬೇರೆ ಕೆಲಸ ಮಾಡಲಿಲ್ಲ. ನಮ್ಮ ಊಟದ ಮೇಜಿನ ಮೇಲೆ ಇರುಳೂರು ಯಾವಾಗಲೂ ತೆರೆದಿರುತ್ತಿತ್ತು. ಅತ್ತಿಗೆ ಬೀದಿಯಲ್ಲಿ ಸಿಕ್ಕವರನ್ನೆಲ್ಲ ತಡೆದು ಹರಟುತ್ತಿದ್ದರು. ಅವರಷ್ಟು ಗಟ್ಟಿಯಾಗಿ ತಳವೂರಿದ ಚಂದಾದಾರ ಆ ಊರಿಗೆ ಇನ್ನೊಬ್ಬರಿರಲಿಲ್ಲ.

ಅದು ನಡೆದದ್ದು ಮಟಮಟ ಮಧ್ಯಾಹ್ನ. ಹೊರಗೆ ಬಿಸಿಲು ಬಿಳಿಯಾಗಿ ಬಿದ್ದಿತ್ತು. ಅತ್ತಿಗೆ ಮಡಿಲಲ್ಲಿ ಕಿತ್ತಳೆ ಸುಲಿಯುತ್ತ ಕೂತಿದ್ದರು. ಪರದೆಯ ಮೇಲೆ ಲೈನ್‌ಬ್ಯುಸಿ ತನ್ನ ಮನೆಯೊಳಗೆ ಸುಮ್ಮನೆ ನಿಂತಿದ್ದಳು.

ಅವಳು ಅಲುಗಾಡಿದಳು.

ನಾನು ಅತ್ತಿಗೆಯ ಕೈ ನೋಡಿದೆ. ಎರಡೂ ಕೈಯಲ್ಲಿ ಕಿತ್ತಳೆಯಿತ್ತು. ಪರದೆಯಲ್ಲಿ ಆ ಹೆಂಗಸು ತಿರುಗಿ, ಬಾಗಿಲ ತನಕ ನಡೆದು, ಬಾಗಿಲು ತೆಗೆದು ಮೆಟ್ಟಿಲ ಮೇಲೆ ನಿಂತಳು. ಅವಳ ತಲೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿದವು. ಹೋಗ್ತೀನಿ. ದೀಪ ಆರಿತು. ಪರದೆ ಕಪ್ಪಾಗಿ, ಅದರಲ್ಲಿ ನಮ್ಮಿಬ್ಬರ ಮುಖ ಕಾಣಿಸಿತು.

ಬದುಕಿರುವಾಗಲೇ ಯಾರೋ ಪಕ್ಕದಲ್ಲಿ ಕೂತು ನಮ್ಮ ಬಾಯಿಂದ ಕೊನೆಯ ಮಾತಾಡಿಸಿದ ಹಾಗೆ ನನಗನ್ನಿಸಿತು. ಅತ್ತಿಗೆ ಕಿತ್ತಳೆಯನ್ನು ತಟ್ಟೆಯಲ್ಲಿಟ್ಟು ಕೈ ಒರೆಸಿಕೊಂಡರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅವಸರದ ಹೆಜ್ಜೆ ಕೇಳಿಸಿತು.

ಬಾಗಿಲಲ್ಲಿ ಹುಡುಗಿಯ ತಂದೆ. ಕಾಲಲ್ಲಿ ಚಪ್ಪಲಿಯಿರಲಿಲ್ಲ. ಕೈಯಲ್ಲಿದ್ದ ಫೋನಿನ ಪರದೆಯನ್ನು ನಮ್ಮ ಕಡೆ ತಿರುಗಿಸಿ ಹಿಡಿದಿದ್ದರು. ಅದೂ ಕಪ್ಪಾಗಿತ್ತು. ಅವರ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಗಾಳಿಯ ಸದ್ದು ಬಿಟ್ಟು ಏನೂ ಬರಲಿಲ್ಲ. ಅತ್ತಿಗೆ ಎದ್ದು ಅವರ ಕೈ ಹಿಡಿದು ಕೂರಿಸಿದರು.

"ಇದು ನನ್ನ ತಪ್ಪೆಣಿಕೆ," ಎಂದರು. "ನಿಮ್ಮ ತನಕ ಬರೋಕೆ ಮುಂಚೆ ತಡೀಬಹುದು ಅಂದುಕೊಂಡೆ. ಈಗಲೇ ಕಂಪನಿಗೆ ಒಂದು ದೂರು ಬರೀರಿ. ನಾನೂ ಬರೀತೀನಿ."

ಇಬ್ಬರೂ ಬರೆದರು. ಉತ್ತರ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಆ ಉದ್ದನೆಯ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಯಜಮಾನರು, ಮಾಮ, ಅಕ್ಕ, ಹುಡುಗಿ, ಅವಳ ತಂದೆ, ನಾವಿಬ್ಬರು. ನಿಧಾನಯ್ಯ ತೀರಿಕೊಂಡದ್ದನ್ನು ಹುಡುಗಿ ಬಸ್ಸಿನಲ್ಲಿ ತಂದೆಗೆ ಹೇಳಿದ್ದಳು. ಅವರು ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಅವರು ಒಳಗೆ ಬಂದಾಗ ಅಕ್ಕ ಎದ್ದು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಇವರು ಯಾರೆಂದು ಅಕ್ಕನಿಗೆ ಗೊತ್ತಿರಲಿಲ್ಲ.

ಅತ್ತಿಗೆ ಮೇಜಿಗೊರಗಿ ನಿಂತು ಶುರುಮಾಡಿದರು. "ಸತ್ತವರು ಮಾತಾಡಲ್ಲ. ಗಡಿಯಾರದವರ ಹೆಸರಲ್ಲಿ ಬೇರೆ ಯಾರೋ ಮಾತಾಡಿದರು. ಅವರು ತೀರಿಹೋಗಿದ್ದು ಮಾತಾಡಿದವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಸುಮ್ಮನಿರುತ್ತಿದ್ದರು, ಹೇಗೂ ಲೆಕ್ಕ ಸರಿಹೋಗ್ತಿತ್ತು. ಅಂದಮೇಲೆ ಬೇರೆಯವರದ್ದೂ ಹಾಗೇ ಯಾಕಿರಬಾರದು? ಯಂತ್ರ ತಪ್ಪದೆ ಹೇಳ್ತಾ ಇರಲಿಲ್ಲ. ಅದು ಹೇಳಿದ್ದನ್ನ ಒಬ್ಬರು ತಪ್ಪದೆ ಮಾಡ್ತಾ ಇದ್ದರು."

ಯಜಮಾನರು ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟರು.

ಮನೆ ಹೊಗುವ ಕೀಲಿ ಮೂವರ ಹತ್ತಿರ ಮಾತ್ರ ಇತ್ತು ಎಂಬುದರಿಂದ ಅತ್ತಿಗೆ ಮುಂದುವರಿಸಿದರು. ಮುನ್ಸೂಚನೆ ನಿಜವಾದರೆ ಮೂವರಿಗೂ ಒಂದಲ್ಲ ಒಂದು ಲಾಭವಿತ್ತು. ಯಜಮಾನರಿಗೆ ವ್ಯಾಪಾರ, ಮಾಮನಿಗೆ ವಿಶ್ರಾಂತಿ, ಅಕ್ಕನಿಗೆ ಊರು ಉಳಿಯುವುದು. ಹಾಗಾಗಿ ಅತ್ತಿಗೆ ಉದ್ದೇಶವನ್ನು ಬಿಟ್ಟು ಆ ಒಂದು ಮಾತನ್ನು ಹಿಡಿದುಕೊಂಡರಂತೆ.

"ಎಕ್ಸ್‌ಚೇಂಜಲ್ಲಿ ನಾನು ಕೇಳದ ವಿದಾಯ ಇಲ್ಲ. ಆಸ್ಪತ್ರೆಗೆ ಹೊರಟೋರು, ಹಡಗು ಹತ್ತೋರು, ಇನ್ನು ನಿನ್ನ ಮುಖ ನೋಡಲ್ಲ ಅಂದೋರು. ನಮ್ಮ ಜನ ಹೋಗುವಾಗ ಬರ್ತೀನಿ ಅಂತಾರೆ. ಇನ್ನು ಬರಲ್ಲ ಅಂತ ಗೊತ್ತಿದ್ದರೂ ಹಾಗೇ ಅಂತಾರೆ. ನಾಲಿಗೆ ಬೇರೆ ಥರ ಹೊರಳಲ್ಲ. ಇಲ್ಲಿ ಅಷ್ಟೊಂದು ಜನ, ವರ್ಷಗಟ್ಟಲೆ ಜೊತೆಗಿದ್ದ ಗೆಳೆಯರ ಮುಂದೆ, ಬರೀ ಹೋಗ್ತೀನಿ ಅಂದರು. ಅದು ಗೆಳೆಯರಿಗೆ ಅಂತ ಬರೆದ ಮಾತಲ್ಲ. ಯಂತ್ರ ಓದಲಿ ಅಂತ ಬರೆದಿದ್ದು."

ಯಂತ್ರ ಆ ಮಾತಿಗಾಗಿ ಕಿವಿಗೊಟ್ಟಿದೆ ಎಂದು ಯಾರಿಗೆ ಗೊತ್ತಿತ್ತು ಎಂಬುದೇ ಮುಂದಿನ ಪ್ರಶ್ನೆ. ಯಜಮಾನರು ಆಟದ ಗಂಟೆಗಳ ಮಾತಾಡಿದರು. ಮಾಮ ಗೆಳೆಯರ ಮಾತಾಡಿದರು. ಪರೀಕ್ಷೆಗೆಂದು ಅತ್ತಿಗೆ 'ಹೋಗ್ತೀವಿ' ಎಂದಾಗ ಯಜಮಾನರಿಗೆ ಅದು ತಾಗಲೇ ಇಲ್ಲ. ಮಾಮ ಎಲ್ಲರೂ ತಿದ್ದುವ ಹಾಗೆ ತಿದ್ದಿದರು. ಒಬ್ಬರು ಮಾತ್ರ ಹುಡುಗಿಯ ಯಂತ್ರದ ಕಿವಿಯ ಮಾತೆತ್ತಿದರು. ಹುಡುಗಿ ದಿನವೂ ಯಾರ ಡಬ್ಬಿಯಲ್ಲಿ ಪಾಲು ತಿನ್ನುತ್ತಿದ್ದಳೋ ಅವರು. ಹೀಗೆ ಹೊರಗಾದವರ ದೂರುಗಳು ಮೊದಲು ತಲುಪಿ, ಅಲ್ಲೇ ಹೂತುಹೋಗುತ್ತಿದ್ದುದೂ ಅವರ ಮೇಜಿನಲ್ಲೇ.

ನಾನು ಅಕ್ಕನ ಕಡೆ ನೋಡಲಾರದ ಹಾಗೆ ಆಯಿತು. ನನ್ನ ಬೆನ್ನಿನ ಹಿಂದೆ ಅವರದೇ ದಿಂಬಿತ್ತು.

"ಅನುಮಾನ ಸಾಲದು ಅಂತ ಈ ವಾರ ಮೂವರಿಗೂ ಬೇರೆ ಬೇರೆ ಪ್ರತಿ ಕಳಿಸೋಕೆ ಹೇಳಿದೆ," ಎಂದರು ಅತ್ತಿಗೆ. "ಯಜಮಾನರ ಪ್ರತಿಯಲ್ಲಿ ಮಾತ್ರ ಮಂಡಿನೋವು, ಅಂದರೆ ನಮ್ಮ ಇವಳು. ಮಾಮನ ಪ್ರತಿಯಲ್ಲಿ ಮಾತ್ರ ಇರುಳೂರಲ್ಲಿ ಈ ಹುಡುಗಿಗಿರೋ ಹಳೇ ಮನೆ. ಆ ಎರಡೂ ದೀಪ ಇವತ್ತೂ ಉರೀತಿವೆ. ಲೈನ್‌ಬ್ಯುಸಿ ಹೆಸರಿದ್ದದ್ದು ಒಂದೇ ಪ್ರತಿಯಲ್ಲಿ. ಅದು ನಿಮ್ಮದು, ತಾಯಿ."

ಅಕ್ಕ ಅಲ್ಲಗಳೆಯಲಿಲ್ಲ. ತುಂಬ ಹೊತ್ತು ಗೋಡೆಯ ಫೋಟೋಗಳನ್ನು ನೋಡಿದರು. ಮುನ್ಸೂಚನೆ ತಪ್ಪಿದರೆ ಊರೇ ಮುಚ್ಚುತ್ತದೆ ಎಂದು ಯಜಮಾನರು ಹೇಳಿದ ರಾತ್ರಿ ತನಗೆ ನಿದ್ದೆ ಬರಲಿಲ್ಲ ಎಂದರು. ವಾರಕ್ಕೆ ಕೆಲವರು ಹೋದರೆ ಉಳಿದವರೆಲ್ಲ ಉಳಿಯುತ್ತಾರೆ ಎಂದು ಲೆಕ್ಕ ಹಾಕಿದ್ದರು. ಮೊದಲ ಸಲ ಒಂದು ಮನೆಯ ಬಾಗಿಲು ತೆಗೆದಾಗ ತಮ್ಮ ಬೆರಳುಗಳು ತಾವಾಗಿಯೇ 'ಬರ್ತೀನಿ' ಎಂದು ಬರೆದುಬಿಟ್ಟಿದ್ದವಂತೆ. ಯಂತ್ರ ಅವರನ್ನು ಉಳಿಯುವವರೆಂದು ಎಣಿಸೀತೆಂದು ಅಳಿಸಿ ಮತ್ತೆ ಬರೆದರಂತೆ.

"ಹೇಗೂ ಹೋಗೋರೇ ಅಂತ ಯಂತ್ರ ಹೇಳಿತ್ತು," ಎಂದರು. "ನಾನು ಸ್ವಲ್ಪ ಮುಂಚೆ ಕಳಿಸಿದೆ, ಅಷ್ಟೇ ಅಂದುಕೊಂಡೆ."

"ದೂರು ಬರೆದರಲ್ಲ ಅಕ್ಕ," ಎಂದಳು ಹುಡುಗಿ. "ಹೋಗೋರು ಯಾರಾದರೂ ಬಾಗಿಲು ತೆಗೀರಿ ಅಂತ ಬರೀತಾರಾ?"

ಅಷ್ಟು ಹೊತ್ತೂ ಅಲುಗಾಡದೆ ಕೂತಿದ್ದ ತಂದೆ ಫೋನು ತೆಗೆದು ನಿಧಾನವಾಗಿ ಬರೆದು ಮಗಳಿಗೆ ಕೊಟ್ಟರು. ಹುಡುಗಿ ಅದನ್ನು ಗಟ್ಟಿಯಾಗಿ ಓದಿದಳು.

"ನಾನು ದೊಡ್ಡಗಂಟಲು. ಗೆಳೆಯ ಇಲ್ಲದೆ ಮಾತು ಕಮ್ಮಿಯಾಗಿತ್ತು, ನಿಜ. ಹೋಗ್ತೀಯಾ ಅಂತ ನೀವು ನನ್ನನ್ನೇ ಕೇಳಿದ್ದರೆ, ಇಲ್ಲ, ಇಲ್ಲೇ ಕೂತಿರ್ತೀನಿ ಅಂತಿದ್ದೆ."

ಅಕ್ಕ ತಾವು ಬಿಟ್ಟುಕೊಟ್ಟ ಕುರ್ಚಿಯಲ್ಲಿ ಕೂತಿದ್ದ ಆ ಮನುಷ್ಯನನ್ನು ಆಗ ಮೊದಲ ಸಲ ಸರಿಯಾಗಿ ನೋಡಿದರು. ಕೈ ಬಾಯಿಗೆ ಹೋಯಿತು.

ಮಾಮ ಗಂಟಲು ಸರಿಮಾಡಿಕೊಂಡು, ಊರಿನಲ್ಲಿ ಆಡಿದ ಮಾತೆಲ್ಲ ತನ್ನ ಹಳೆಯ ಸರ್ವರುಗಳಲ್ಲಿ ಉಳಿದಿರುತ್ತದೆ ಎಂದರು. ಚಳಿಯ ಕೋಣೆಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಒಂದು ಚೀಟಿ ಹಿಡಿದುಕೊಂಡು ಬಂದರು. ನಿಧಾನಯ್ಯ ಆಸ್ಪತ್ರೆ ಸೇರುವ ಹಿಂದಿನ ಸಂಜೆ ಕಟ್ಟಕಡೆಗೆ ತಾವೇ ಬರೆದದ್ದು ಅದರಲ್ಲಿತ್ತು. ದೊಡ್ಡಗಂಟಲು ದೀಪ ಆರಿಸಿ ಹೋದ ಮೇಲೆ ಬರೆದದ್ದಾದ್ದರಿಂದ ಅವರು ಅದನ್ನು ಓದಿರಲಿಲ್ಲ. ಮಾಮ ಅದನ್ನು ಓದದೆ ನೇರ ಅವರ ಕೈಗಿಟ್ಟರು. ಅವರು ಓದಿಕೊಂಡು ಮಡಚಿ ಅಂಗಿಯ ಜೇಬಿನಲ್ಲಿಟ್ಟರು. ಅದರಲ್ಲಿ ಇದ್ದದ್ದು ಇಷ್ಟೇ ಎಂದು ಹುಡುಗಿ ಆಮೇಲೆ ನನಗೆ ಹೇಳಿದಳು: ದೋಣಿ ಕುಂಟಲಿ ಬಿಡೋ, ಹುಷಾರಾದ ಮೇಲೆ ಇಬ್ಬರೂ ಸೇರಿ ಸರಿ ಮಾಡೋಣ. ಬರ್ತೀನಿ.

ಯಜಮಾನರನ್ನು ನಾನು ಬರೀ ವ್ಯಾಪಾರಿ ಎಂದುಕೊಂಡಿದ್ದೆ. ಅವರು ನಮ್ಮೆದುರಿಗೇ ದೊಡ್ಡ ಕಂಪನಿಗೆ ಫೋನು ಮಾಡಿ, ಮುನ್ಸೂಚನೆ ಅರ್ಧಕ್ಕರ್ಧ ತಪ್ಪುವಂಥದ್ದೇ ಎಂದು ಹೇಳಿಬಿಟ್ಟರು. ಹಾಗೆ ದೀಪ ಆರಿಸಿದ ಮನೆಗಳನ್ನೆಲ್ಲ ಅಂದೇ ತೆರೆಯುವಂತೆ ಮಾಮನಿಗೆ ಹೇಳಿದರು. ಈ ಸೀಸನ್ ಮುಗಿಯುವ ತನಕ ಊರನ್ನು ಹೇಗಾದರೂ ನಡೆಸುತ್ತೇನೆ, ಆಮೇಲಿನದಕ್ಕೆ ಮಾತು ಕೊಡಲಾರೆ ಎಂದರು. ಅಕ್ಕನಿಗೆ ಇನ್ನು ಇಲ್ಲಿ ಕೆಲಸವಿಲ್ಲ ಎಂಬುದನ್ನು ಮೆಲುದನಿಯಲ್ಲಿ, ನೆಲ ನೋಡುತ್ತ ಹೇಳಿದರು.

ಅಕ್ಕ ಕೀಲಿಯ ಕಾರ್ಡನ್ನು ಮೇಜಿನ ಮೇಲಿಟ್ಟರು. ಹೂತಿಟ್ಟ ದೂರುಗಳು ಎಲ್ಲಿವೆ ಎಂದು ಹುಡುಗಿಗೆ ತೋರಿಸಿದರು. ಒಂದನ್ನೂ ಅಳಿಸಿರಲಿಲ್ಲ. ಫೋಟೋಗಳನ್ನು ಗೋಡೆಯ ಮೇಲೆಯೇ ಬಿಟ್ಟರು. ಡಬ್ಬಿಯಲ್ಲಿ ಹುಡುಗಿಯ ಪಾಲನ್ನು ತೆಗೆದು ಅವಳ ಮೇಜಿನ ಮೇಲಿಟ್ಟು, ಚೀಲ ಹೆಗಲಿಗೇರಿಸಿಕೊಂಡು ಬಾಗಿಲ ತನಕ ನಡೆದರು. ಅಲ್ಲಿ ನಿಂತು ತಿರುಗಿದರು.

"ಬರ್ತೀನಿ," ಎಂದರು.

ಅಂದ ಮೇಲೆಯೇ ತಾವು ಅಂದದ್ದೇನೆಂಬುದು ಅವರಿಗೆ ಗೊತ್ತಾಗಿರಬೇಕು. ಮುಖ ಕೆಂಪಾಗಿ, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಯಜಮಾನರು ಕಿಟಕಿ ನೋಡಿದರು. ಅತ್ತಿಗೆ ಕಣ್ಣು ಮುಚ್ಚಿಕೊಂಡಿದ್ದರು. ನಾನು ಹುಡುಗಿಯ ತಂದೆಯ ಪಕ್ಕದಲ್ಲೇ ಕೂತಿದ್ದೆ, ಅದಕ್ಕೇ ನನಗೆ ಕಾಣಿಸಿತು. ಅವರು ತಲೆಯೆತ್ತಿ ಅಕ್ಕನ ಕಡೆ ನೋಡಿದರು. ಸದ್ದಿಲ್ಲದ ಆ ತುಟಿಗಳು ಅಲುಗಿದವು.

ಹೋಗಿ ಬನ್ನಿ.